ದಸರಾದಿಂದ ಸಂಕ್ರಾಂತಿಗೆ: ಸೇವಾ ಕ್ಲಬ್‌ಗಳಿಗೊಂದು ಹಬ್ಬದ ಪಂಚಾಂಗ

ದಸರಾ ಹತ್ತಿರ ಬಂತೆಂದರೆ ದಾವಣಗೆರೆ, ಹರಿಹರದ ಲಯನ್ಸ್, ರೋಟರಿ, ಇನ್ನರ್ ವ್ಹೀಲ್, ಜೆಸಿಐ ಸದಸ್ಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಓಡಾಡುತ್ತದೆ: ‘ಈ ಸಲ ಏನು ಮಾಡೋಣ?’ ಉತ್ತರವೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ. ಆಸ್ಪತ್ರೆಯಲ್ಲಿ ಹಣ್ಣು-ಬ್ರೆಡ್ಡು, ಅನಾಥಾಶ್ರಮದಲ್ಲಿ ಸಿಹಿಯೂಟ, ಬಸ್ ನಿಲ್ದಾಣದಲ್ಲಿ ಕಂಬಳಿ. ತಪ್ಪೇನಿಲ್ಲ. ಆದರೆ ಹಬ್ಬದ ದಿನ ಒಂದೇ ಆಶ್ರಮಕ್ಕೆ ಮೂರು ಕಡೆಯಿಂದ ಊಟ ಬಂದು, ಮರುವಾರ ಯಾರೂ ತಿರುಗಿ ನೋಡದಿದ್ದರೆ ಹಾಕಿದ ದುಡ್ಡು, ಪಟ್ಟ ಶ್ರಮ ಎರಡೂ ಅರ್ಧಕ್ಕರ್ಧ ವ್ಯರ್ಥ. ಕೊಡುವವರು ತಮಗೆ ಬಿಡುವಾದ ದಿನ ನೋಡಿಕೊಳ್ಳುತ್ತಾರೆ. ಬೇಕಾದವರ ಅಗತ್ಯಕ್ಕೆ ಅದರದೇ ತಿಥಿ-ವಾರ ಇರುತ್ತದೆ. ಇವೆರಡನ್ನೂ ಹೊಂದಿಸುವುದು ಹೇಗೆಂಬ ಹಂತ-ಹಂತದ ವಿವರ ಇಲ್ಲಿದೆ. ಕ್ಲಬ್ ಸದಸ್ಯರಲ್ಲದ ಗೆಳೆಯರ ಬಳಗ, ಯುವಕ ಸಂಘ, ಮಹಿಳಾ ಮಂಡಳಿಗಳೂ ಇದನ್ನು ಬಳಸಿಕೊಳ್ಳಬಹುದು.

ರೋಟರಿ 1905ರಲ್ಲಿ, ಲಯನ್ಸ್ 1917ರಲ್ಲಿ ಹುಟ್ಟಿದ್ದು ಷಿಕಾಗೊದಲ್ಲಿ. ಅಲ್ಲಿನವರಿಗೆ ಹಬ್ಬದ ದಿನಗಳೆಂದರೆ ನವೆಂಬರ್ ಕೊನೆಯಿಂದ ಹೊಸ ವರ್ಷದವರೆಗೆ. ನಮ್ಮಲ್ಲಿ ಅದು ಆಯುಧಪೂಜೆಗೆ ಶುರುವಾಗಿ ದೀಪಾವಳಿ, ಕ್ರಿಸ್‌ಮಸ್ ದಾಟಿ ಸಂಕ್ರಾಂತಿಯವರೆಗೆ ಸುಮಾರು ಮೂರು ತಿಂಗಳ ಕಾಲ ನಡೆಯುತ್ತದೆ. ಎರಡೂ ಸಂಸ್ಥೆಗಳ ಸೇವಾ ವರ್ಷ ಆರಂಭವಾಗುವುದು ಜುಲೈ 1ರಂದು. ಅಂದರೆ ದಸರಾ ಬರುವ ಹೊತ್ತಿಗೆ ಹೊಸ ಅಧ್ಯಕ್ಷರು, ಕಾರ್ಯದರ್ಶಿಗಳು ಪದಗ್ರಹಣ ಮಾಡಿ ಮೂರು ತಿಂಗಳಾಗಿರುತ್ತದೆ ಅಷ್ಟೆ. ತಯಾರಿ ಬೇಗ ಶುರುವಾಗಬೇಕಾದದ್ದು ಅದಕ್ಕೇ.

ಹಂತ 1: ಸೆಪ್ಟೆಂಬರ್‌ನಲ್ಲಿ ಕೇಳಿ ಬನ್ನಿ

ಇಬ್ಬಿಬ್ಬರ ತಂಡ ಮಾಡಿ ನಾಲ್ಕು ಕಡೆ ಕಳಿಸಿ: ಚಿಗಟೇರಿ ಜಿಲ್ಲಾ ಆಸ್ಪತ್ರೆ, ಮಕ್ಕಳ ಮತ್ತು ವೃದ್ಧರ ಆಶ್ರಮಗಳು, ಸರ್ಕಾರಿ ಶಾಲೆ-ಹಾಸ್ಟೆಲ್‌ಗಳು, ಪಾಲಿಕೆ ಅಥವಾ ಹರಿಹರ ನಗರಸಭೆಯ ಆರೋಗ್ಯ ಶಾಖೆ. ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಮೂರೇ. ಯಾವುದಕ್ಕೆ ಕೊರತೆ ಇದೆ? ಯಾವ ವಾರದಲ್ಲಿ? ಈಗಾಗಲೇ ಯಾರು ಏನು ಕೊಡುತ್ತಿದ್ದಾರೆ?

ಚಿಗಟೇರಿ ಆಸ್ಪತ್ರೆಗೆ ಅಕ್ಕಪಕ್ಕದ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಅವರ ಜೊತೆ ಬಂದವರಿಗೆ ಸೇಬುಹಣ್ಣಿಗಿಂತ ರಾತ್ರಿ ಮಲಗಲು ಚಾಪೆ, ಬಿಸಿನೀರು, ಊರಿಗೆ ಮರಳಲು ಬಸ್ ಚಾರ್ಜು ಹೆಚ್ಚು ಬೇಕಿರಬಹುದು. ಮಂಡಕ್ಕಿ ಭಟ್ಟಿಗಳ ಕಡೆಗೂ ಒಂದು ತಂಡ ಹೋಗಲಿ. ಹೊಗೆ, ಬಿಸಿಯ ನಡುವೆ ದುಡಿಯುವವರಿಗೆ ಶ್ವಾಸಕೋಶ ಮತ್ತು ಕಣ್ಣಿನ ತಪಾಸಣೆ ಬೇಕು. ಆದರೆ ಭಟ್ಟಿ ಉರಿಯುವ ಹೊತ್ತಿನಲ್ಲಿ ಶಿಬಿರ ಇಟ್ಟರೆ ಯಾರೂ ಬರಲಾರರು. ಅವರ ಕೆಲಸದ ವೇಳೆ ಕೇಳಿಕೊಂಡೇ ದಿನ ಗೊತ್ತು ಮಾಡಿ.

ಆಮೇಲೆ ಊರಿನ ಎಲ್ಲ ಕ್ಲಬ್‌ಗಳ ಕಾರ್ಯದರ್ಶಿಗಳು ಒಂದು ಸಂಜೆ ಸೇರಿ, ಯಾರು ಯಾವ ದಿನ ಎಲ್ಲಿಗೆ ಎಂದು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಖಾಲಿ ಉಳಿದ ವಾರಗಳು ಆಗ ತಾವಾಗಿಯೇ ಕಾಣುತ್ತವೆ.

ಹಂತ 2: ದುಡ್ಡಿನ ಲೆಕ್ಕ ಮೊದಲೇ ಆಗಲಿ

ಪ್ರತಿ ಕಾರ್ಯಕ್ರಮಕ್ಕೂ ಮೂರು ಸಾಲಿನ ಅಂದಾಜು ಬರೆಯಿರಿ: ಫಲಾನುಭವಿಗೆ ತಲುಪುವ ವಸ್ತು, ಸಾಗಣೆ, ಬ್ಯಾನರ್-ಶಾಮಿಯಾನ-ಸನ್ಮಾನ. ಮೂರನೆಯದು ಮೊದಲನೆಯದರ ಹತ್ತನೇ ಒಂದು ಭಾಗ ಮೀರದಂತೆ ಕ್ಲಬ್ಬಿನಲ್ಲೇ ಠರಾವು ಮಾಡಿಕೊಳ್ಳಿ. ಅಂಗಡಿಯವರು ಒಂದಿಷ್ಟು ನೋಟು ಎಣಿಸಿ ಕೊಟ್ಟರೂ ರಸೀದಿ ತಪ್ಪಬಾರದು. ತೆರಿಗೆ ವಿನಾಯಿತಿ ಕೇಳುವ ದಾನಿಗಳಿಗೆ ಒಂದು ಮಾತು ಹೇಳಿಬಿಡಿ: ಕ್ಲಬ್ಬಿನ ಟ್ರಸ್ಟಿಗೆ 80ಜಿ ಮಾನ್ಯತೆ ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ರಿಯಾಯಿತಿ ಸಿಗುವುದಿಲ್ಲ. ಚೆಕ್ಕು ಅಥವಾ ಯುಪಿಐ ಮೂಲಕ ಕೊಡಲಿ.

ಹಂತ 3: ಆಯುಧಪೂಜೆ, ದೀಪಾವಳಿ – ರಸ್ತೆ ಮತ್ತು ಕಣ್ಣು

ಆಯುಧಪೂಜೆಯ ಸಂಜೆ ರಸ್ತೆ ಮಧ್ಯೆ ಒಡೆದ ಬೂದುಗುಂಬಳದ ಮೇಲೆ ಬೈಕುಗಳು ಜಾರುತ್ತವೆ. ಮರುದಿನ ಬಾಳೆಕಂದು, ಹೂವಿನ ರಾಶಿ ಪೌರಕಾರ್ಮಿಕರ ಹೆಗಲಿಗೆ ಬೀಳುತ್ತದೆ. ಗ್ಯಾರೇಜು, ಮಂಡಿ, ಮಿಲ್ಲುಗಳ ಮಾಲೀಕರಲ್ಲಿ ಅನೇಕರು ಕ್ಲಬ್ಬಿನ ಸದಸ್ಯರೇ. ಕುಂಬಳ ರಸ್ತೆಯ ಅಂಚಿನಲ್ಲಿ ಒಡೆದು ಹತ್ತು ನಿಮಿಷದಲ್ಲಿ ಎತ್ತಿಬಿಡುವುದನ್ನು ತಮ್ಮ ಅಂಗಡಿಯಿಂದಲೇ ಶುರು ಮಾಡಬಹುದು.

ದಸರಾ ರಜೆ ಮುಗಿದು ದೀಪಾವಳಿಗೆ ಮುಂಚೆ ಶಾಲೆಗಳು ನಡೆಯುವ ದಿನಗಳಲ್ಲಿ ಪಟಾಕಿ ಎಚ್ಚರಿಕೆಯ ಪಾಠ ಇಟ್ಟುಕೊಳ್ಳಿ. ಹೇಳಬೇಕಾದದ್ದು ಇಷ್ಟು:

- 2018ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಹಸಿರು ಪಟಾಕಿ ಮಾತ್ರ. ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ.
- ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಇಂಕು, ಮಂಜುಗಡ್ಡೆ ಬೇಡ. ಉಂಗುರ, ಬಳೆ ತಕ್ಷಣ ಬಿಚ್ಚಿ.
- ಕಣ್ಣಿಗೆ ಚೂರು ಚುಚ್ಚಿಕೊಂಡಿದ್ದರೆ ಉಜ್ಜಬೇಡಿ, ಒತ್ತಬೇಡಿ, ಕೀಳಲು ಹೋಗಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಕಪ್ಪು ಮುಚ್ಚಿ ಕಣ್ಣಿನ ವೈದ್ಯರ ಬಳಿಗೆ ಓಡಿ.

ಹಬ್ಬದ ರಾತ್ರಿ ಯಾವ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರು ಇರುತ್ತಾರೆಂದು ಮೊದಲೇ ವಿಚಾರಿಸಿ, ಆ ಪಟ್ಟಿಯನ್ನು ಬಡಾವಣೆಯ ಗುಂಪುಗಳಿಗೆ ಕಳಿಸಿದರೆ ಅದೇ ದೊಡ್ಡ ಸೇವೆ.

ಹಂತ 4: ರಕ್ತದಾನವನ್ನು ಹಂಚಿ ಇಡಿ

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಅಂದು ಎಲ್ಲರೂ ಶಿಬಿರ ಮಾಡುತ್ತಾರೆ. ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಅಂದರೆ ಅಕ್ಟೋಬರ್ 1ಕ್ಕೆ ಕೊಟ್ಟವರ ಸರದಿ ಮತ್ತೆ ಬರುವುದು ಗಂಡಸರಿಗೆ ಡಿಸೆಂಬರ್ 30ಕ್ಕೆ, ಹೆಂಗಸರಿಗೆ ಜನವರಿ 29ಕ್ಕೆ. ನಡುವಿನ ದೀಪಾವಳಿ, ಕ್ರಿಸ್‌ಮಸ್ ರಜೆಯಲ್ಲಿ ಕಾಲೇಜು ಹುಡುಗರು ಊರಿಗೆ ಹೋಗಿರುತ್ತಾರೆ. ಅಪಘಾತ, ಹೆರಿಗೆಗಳಿಗೆ ರಜೆ ಇಲ್ಲ. ಪ್ಲೇಟ್‌ಲೆಟ್ ಬಾಳುವುದು ಐದೇ ದಿನ, ಕೆಂಪುಕಣಗಳು ಐದಾರು ವಾರ.

ಆದ್ದರಿಂದ ದಾನಿಗಳನ್ನು ಮೂರು ಪಾಲು ಮಾಡಿ: ಅಕ್ಟೋಬರ್ ಮೊದಲ ವಾರ, ದೀಪಾವಳಿಯ ಹಿಂದಿನ ವಾರ, ಡಿಸೆಂಬರ್ ಮೂರನೇ ವಾರ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ನವರಾತ್ರಿಯ ಉಪವಾಸದಲ್ಲಿ ಇರುವವರನ್ನು ಕೂರಿಸಬೇಡಿ. ಊಟ ಮಾಡಿ ನಾಲ್ಕು ಗಂಟೆಯೊಳಗೆ ಬಂದವರೇ ಆಗಲಿ. ಶಿಬಿರವನ್ನು ಪರವಾನಗಿ ಇರುವ ರಕ್ತ ಕೇಂದ್ರವೇ ನಡೆಸಬೇಕು. ಹಣಕ್ಕಾಗಿ ರಕ್ತ ಕೊಡುವುದು ದೇಶದಲ್ಲಿ 1998ರಿಂದ ನಿಷಿದ್ಧ. ದಾನಿಗೆ ಪ್ರಮಾಣಪತ್ರ ಸಾಕು, ನಗದು ಬೇಡ.

ಹಂತ 5: ಕಣ್ಣಿನ ಶಿಬಿರ – ಕೊಯ್ಲು ಮುಗಿದ ಮೇಲೆ

1925ರ ಲಯನ್ಸ್ ಸಮಾವೇಶದಲ್ಲಿ ಹೆಲೆನ್ ಕೆಲರ್ ಮಾಡಿದ ಮನವಿಯ ನಂತರ ಕಣ್ಣಿನ ಸೇವೆ ಆ ಸಂಸ್ಥೆಯ ಗುರುತೇ ಆಗಿದೆ. ನಮ್ಮ ಭದ್ರಾ ನಾಲೆಯ ಊರುಗಳಲ್ಲಿ ಭತ್ತದ ಕೊಯ್ಲಿನ ವಾರ ಶಿಬಿರ ಇಟ್ಟರೆ ಅಜ್ಜ-ಅಜ್ಜಿಯರನ್ನು ಕರೆತರಲು ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಗದ್ದೆ ಖಾಲಿಯಾದ ದಿನ ನೋಡಿ ಡಂಗುರ ಹೊಡೆಸಿ.

ಹಳ್ಳಿಯಲ್ಲಿ ತಪಾಸಣೆ ಮಾತ್ರ ಆಗಲಿ. ಪೊರೆ ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಥಿಯೇಟರಿನಲ್ಲೇ ನಡೆಯಬೇಕು. ಸಕ್ಕರೆ, ಬಿ.ಪಿ. ಪರೀಕ್ಷೆ ಶಿಬಿರದಲ್ಲೇ ಮಾಡಿಸಿ. ಅವು ಹತೋಟಿಯಲ್ಲಿ ಇಲ್ಲದವರನ್ನು ಆಸ್ಪತ್ರೆಯಿಂದ ವಾಪಸು ಕಳಿಸಿದರೆ ಬಸ್ಸಿನ ಖರ್ಚು ದಂಡ. ಪ್ರತಿ ಐದು ರೋಗಿಗಳಿಗೆ ಒಬ್ಬ ಸದಸ್ಯರನ್ನು ಹೊಣೆ ಮಾಡಿ. ಕರೆತರುವುದು, ಮನೆಗೆ ಬಿಡುವುದು, ಹನಿ ಔಷಧ ಹಾಕಿಸಿಕೊಂಡರೇ ಎಂದು ಫೋನಿನಲ್ಲಿ ವಿಚಾರಿಸುವುದು, ವೈದ್ಯರು ಹೇಳಿದ ದಿನ ಮರುತಪಾಸಣೆಗೆ ಒಯ್ಯುವುದು ಎಲ್ಲ ಅವರದೇ ಜವಾಬ್ದಾರಿ. ಕನ್ನಡಕ ಮೂಗಿನ ಮೇಲೆ ಕೂತ ಮೇಲೆಯೇ ಶಿಬಿರ ಮುಗಿಯಿತೆಂದು ಬರೆದುಕೊಳ್ಳಿ.

ಹಂತ 6: ಚಳಿ, ಕಂಬಳಿ, ಊಟ

ಕಂಬಳಿ ಹಂಚಲು ಸರಿಯಾದ ಹೊತ್ತು ರಾತ್ರಿ ಹತ್ತರ ನಂತರ. ಹಗಲು ಹಂಚಿದರೆ ಮನೆ ಇರುವವರೂ ಸಾಲಿನಲ್ಲಿ ನಿಲ್ಲುತ್ತಾರೆ. ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆಯ ಆವರಣದಲ್ಲಿ ಹಿಂದಿನ ರಾತ್ರಿ ಸುತ್ತಿ ತಲೆ ಎಣಿಸಿಕೊಂಡು ಅಷ್ಟೇ ಒಯ್ಯಿರಿ. ತಂಡದಲ್ಲಿ ಮಹಿಳಾ ಸದಸ್ಯರಿರಲಿ. ಮಲಗಿದವರನ್ನು ಎಬ್ಬಿಸಿ ಫೋಟೊಗೆ ಕೂರಿಸುವುದು ಬೇಡ. ಹೊದಿಸಿ ಮುಂದೆ ಹೋಗಿ. ನಗರ ವಸತಿರಹಿತರ ಆಶ್ರಯ ಕೇಂದ್ರದ ವಿಳಾಸ ಬರೆದ ಚೀಟಿ ಜೇಬಿನಲ್ಲಿರಲಿ.

ಕಲ್ಯಾಣ ಮಂಟಪಗಳಲ್ಲಿ ಉಳಿದ ಊಟ ಒಯ್ದು ಹಂಚುವ ಕ್ಲಬ್‌ಗಳು ಒಂದು ಲೆಕ್ಕ ಮರೆಯುತ್ತವೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಹೆಚ್ಚಿನ ಮನೆಗಳಲ್ಲಿ ಮದುವೆ ಇಲ್ಲ, ಹಾಗಾಗಿ ಉಳಿಯುವ ಅನ್ನವೂ ಇಲ್ಲ. ಚಳಿ ಹೆಚ್ಚಾಗುವುದೂ ಆಗಲೇ. ಆ ಒಂದು ತಿಂಗಳಿಗೆ ಸದಸ್ಯರ ಮನೆಗಳಿಂದ ಸರದಿ ಪ್ರಕಾರ ರೊಟ್ಟಿ-ಪಲ್ಯವೋ, ಅಡುಗೆ ಭಟ್ಟರಿಂದ ಬಿಸಿ ಉಪ್ಪಿಟ್ಟೋ ಮೊದಲೇ ಗೊತ್ತು ಮಾಡಿ. ಮಿಕ್ಕ ದಿನಗಳಲ್ಲಿ ನಿಯಮ ಸರಳ: ಬಡಿಸಿದ ಎಲೆಯದು, ತಟ್ಟೆಯದು ಬೇಡ, ಬಿಸಿಯ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು, ಮೊಸರನ್ನ, ತೆಂಗಿನಕಾಯಿ ಚಟ್ನಿ ಬೇಗ ಹಳಸುವುದರಿಂದ ಬಿಟ್ಟುಬಿಡಿ.

ಹಂತ 7: ಕ್ರಿಸ್‌ಮಸ್, ರಜೆ, ಮಕ್ಕಳು

ಹರಿಹರದಲ್ಲಿ ಆರೋಗ್ಯ ಮಾತೆಯ ಬೆಸಿಲಿಕಾ ಇದೆ, ಹರಿಹರೇಶ್ವರ ದೇಗುಲವಿದೆ, ದರ್ಗಾ ಇದೆ. ಕ್ಲಬ್ಬಿನಲ್ಲೂ ಎಲ್ಲ ಧರ್ಮದವರು ಇರುತ್ತಾರೆ. ಇದರ ಲಾಭ ಸರದಿ ಪಟ್ಟಿಯಲ್ಲಿ ಸಿಗಲಿ. ದೀಪಾವಳಿಯ ರಾತ್ರಿಯ ಕೆಲಸ ಕ್ರೈಸ್ತ, ಮುಸ್ಲಿಂ ಸದಸ್ಯರಿಗೆ. ಡಿಸೆಂಬರ್ 24, 25ರ ಕೆಲಸ ಉಳಿದವರಿಗೆ. ಯಾರೂ ತಮ್ಮ ಹಬ್ಬ ಬಿಟ್ಟು ಬರಬೇಕಿಲ್ಲ, ಸೇವೆಯೂ ನಿಲ್ಲುವುದಿಲ್ಲ.

ಮಕ್ಕಳ ಪಾಲನಾ ಸಂಸ್ಥೆಗೆ ಹೋಗುವ ಮುನ್ನ ಅಧೀಕ್ಷಕರ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಒಪ್ಪಿಗೆ ಪಡೆಯಿರಿ. ಅಲ್ಲಿನ ಮಕ್ಕಳ ಮುಖ, ಹೆಸರು ಪತ್ರಿಕೆಯಲ್ಲಾಗಲಿ ಫೇಸ್‌ಬುಕ್‌ನಲ್ಲಾಗಲಿ ಬರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇದಕ್ಕೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಒಂದು ದಿನದ ಕೇಕಿನ ಜೊತೆಗೆ, ಜನವರಿಯಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆವರೆಗೆ ವಾರಕ್ಕೊಂದು ಗಣಿತ ಅಥವಾ ಇಂಗ್ಲಿಷ್ ತರಗತಿಯ ಮಾತು ಕೊಟ್ಟು ಬನ್ನಿ. ರೋಟರಾಕ್ಟ್, ಲಿಯೋ ಬಳಗದ ಕಾಲೇಜು ಹುಡುಗ-ಹುಡುಗಿಯರಿಗೆ ಹೇಳಿ ಮಾಡಿಸಿದ ಕೆಲಸ ಇದು.

ಹಂತ 8: ಸಂಕ್ರಾಂತಿಗೆ ತುಂಗಭದ್ರೆಯ ದಂಡೆ

ಸಂಕ್ರಾಂತಿಯ ಪುಣ್ಯಸ್ನಾನಕ್ಕೆ ಹರಿಹರದ ಹೊಳೆಗೆ ಜನ ಸೇರುತ್ತಾರೆ; ಪಂಚಮಸಾಲಿ ಪೀಠದ ಹರಜಾತ್ರೆಯೂ ಆ ಸುಮಾರಿಗೇ. ನಗರಸಭೆ, ಪೊಲೀಸ್, ಅಗ್ನಿಶಾಮಕ ಠಾಣೆಗಳಿಗೆ ಎರಡು ವಾರ ಮುಂಚೆ ಪತ್ರ ಕೊಡಿ. ಬೇಕಾಗುವುದು: ಹೆಂಗಸರು ಬಟ್ಟೆ ಬದಲಿಸಲು ಮರೆ, ಆಳದ ಗುರುತಿಗೆ ಹಗ್ಗ ಮತ್ತು ಕೆಂಪು ಬಾವುಟ, ಗಾಳಿ ತುಂಬಿದ ಟ್ಯೂಬು, ಹೊಳೆ ಬಲ್ಲ ಈಜುಗಾರರು, ಹೂವು-ಬಟ್ಟೆ-ಪ್ಲಾಸ್ಟಿಕ್‌ಗೆ ಬೇರೆ ಬೇರೆ ಡಬ್ಬಿ. ಕಸ ಎತ್ತುವ ಕೆಲಸ ಸ್ನಾನ ಮುಗಿದ ಸಂಜೆಗೇ ಆಗಲಿ. ತಡವಾದರೆ ಅದು ನೀರಿನೊಂದಿಗೆ ಮುಂದಿನ ಊರಿಗೆ ಹೋಗುತ್ತದೆ. ಹಗ್ಗ, ಟ್ಯೂಬು, ಮರೆಗಳನ್ನು ಜೋಪಾನವಾಗಿ ಇಟ್ಟರೆ ಮುಂದಿನ ಜಾತ್ರೆಗಳಿಗೂ ಬರುತ್ತವೆ.

ಹಂತ 9: ಕಡತ ಒಪ್ಪಿಸಿ

ಜನವರಿ ಕೊನೆಯ ಸಭೆಯಲ್ಲಿ ಪ್ರತಿ ಕಾರ್ಯಕ್ರಮದ ಮುಂದೆ ಎಷ್ಟು ಖರ್ಚಾಯಿತು, ಯಾರಿಗೆ ತಲುಪಿತು, ಏನು ಉಳಿಯಿತು ಎಂದು ಬರೆಯಿರಿ. ಮೊದಲು ಕೇಳಿ ಬಂದ ಸಂಸ್ಥೆಗಳಿಗೆ ಮತ್ತೆ ಹೋಗಿ ಅವರ ಅಭಿಪ್ರಾಯವನ್ನೂ ಸೇರಿಸಿ. ಜುಲೈ 1ಕ್ಕೆ ಪದಾಧಿಕಾರಿಗಳು ಬದಲಾಗುತ್ತಾರೆ. ಕಡತ ಹಳೆ ಕಾರ್ಯದರ್ಶಿಯ ಕಪಾಟಿನಲ್ಲೇ ಉಳಿದರೆ ಹೊಸಬರು ಮತ್ತೆ ‘ಏನು ಮಾಡೋಣ’ ಎಂದೇ ಆರಂಭಿಸಬೇಕಾಗುತ್ತದೆ. ದಾನಿಗಳ ಪಟ್ಟಿ, ರಕ್ತ ಕೊಟ್ಟವರ ದಿನಾಂಕ, ಮರುತಪಾಸಣೆ ಬಾಕಿ ಇರುವ ರೋಗಿಗಳ ಹೆಸರು ಈ ಮೂರನ್ನು ಮುಂದಿನ ಅಧ್ಯಕ್ಷರಿಗೆ ಸಹಿ ಹಾಕಿಸಿ ಒಪ್ಪಿಸಿ.

ಫೋನಿನಲ್ಲಿರಲಿ: ತುರ್ತು ಸೇವೆ 112, ಆಂಬುಲೆನ್ಸ್ 108, ಮಕ್ಕಳ ಸಹಾಯವಾಣಿ 1098, ಹಿರಿಯರ ಸಹಾಯವಾಣಿ 14567.