ರಕ್ತ ಕೇಳಬಹುದು, ಮನಸ್ಸು ಕೇಳುವಂತಿಲ್ಲ

ಪೊಲೀಸರು ರಕ್ತದ ಮಾದರಿ ಕೇಳಿದರೆ ಆರೋಪಿ ಕೊಡಲೇಬೇಕೆ? ಮಂಪರು ಪರೀಕ್ಷೆಗೆ ಒಪ್ಪಲೇಬೇಕೆ? ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಹೌದು, ಎರಡನೆಯದಕ್ಕೆ ಖಂಡಿತ ಇಲ್ಲ. ಈ ವ್ಯತ್ಯಾಸ ಏಕೆಂದು ತಿಳಿಯಲು ಕಾನೂನಿನ ಜೊತೆ ಒಂದಿಷ್ಟು ವಿಜ್ಞಾನವೂ ಬೇಕು.

ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಹಾಗಾದರೆ ಬೆರಳಚ್ಚು ಕೊಡುವುದೂ ಸಾಕ್ಷಿ ನುಡಿದಂತಲ್ಲವೇ? ಅಲ್ಲ ಎಂದು 1961ರಲ್ಲೇ, ಕಾಥಿ ಕಾಲು ಓಘಡ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಬೆರಳ ತುದಿಯ ಗೆರೆಗಳು ಎಷ್ಟು ಹೆದರಿಸಿದರೂ ಬದಲಾಗುವುದಿಲ್ಲ. ಸ್ಥಳದಲ್ಲಿ ಸಿಕ್ಕ ಗುರುತಿನ ಜೊತೆ ಇಟ್ಟು ನೋಡುವವರೆಗೆ ಅವು ಏನನ್ನೂ ಹೇಳುವುದೂ ಇಲ್ಲ. ಡಿಎನ್‌ಎ ಕೂಡ ಹೀಗೆಯೇ. 2019ರಲ್ಲಿ ರಿತೇಶ್ ಸಿನ್ಹಾ ಪ್ರಕರಣದ ತೀರ್ಪು ಧ್ವನಿಯ ಮಾದರಿಯನ್ನೂ ಇದೇ ಸಾಲಿಗೆ ಸೇರಿಸಿತು.

ಮನಸ್ಸಿನೊಳಗಿನದು ಮಾತ್ರ ಬೇರೆ ಲೆಕ್ಕ. ಈ ಶತಮಾನದ ಮೊದಲ ದಶಕದಲ್ಲಿ ಮಂಪರು ಪರೀಕ್ಷೆ ಎಂದರೆ ಬೆಂಗಳೂರು ಎನ್ನುವಂತಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳು ಟಿವಿಯಲ್ಲೂ ಬಂದವು. ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಟ್ಟಾಗ ಮನುಷ್ಯ ನಿದ್ದೆ-ಎಚ್ಚರಗಳ ನಡುವೆ ತೇಲುತ್ತಾನೆ. ಬಾಯಿ ಸಡಿಲವಾಗುತ್ತದೆ ನಿಜ, ಆದರೆ ಬಂದದ್ದೆಲ್ಲ ಸತ್ಯವೇನಲ್ಲ. ಕೇಳುವವರು ಯಾವ ಕಡೆ ಎಳೆಯುತ್ತಾರೋ ಆ ಕಡೆಗೆ ಮಾತು ವಾಲಬಹುದು, ಕಲ್ಪನೆಯೂ ನೆನಪಿನ ವೇಷದಲ್ಲಿ ಬರಬಹುದು. ಸುಳ್ಳು ಪತ್ತೆ ಯಂತ್ರ ಸುಳ್ಳನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ನಾಡಿ, ರಕ್ತದೊತ್ತಡ, ಉಸಿರು, ಚರ್ಮದ ಬೆವರನ್ನು. ಠಾಣೆಯ ಮೆಟ್ಟಿಲನ್ನೇ ಎಂದೂ ಹತ್ತದ ನಿರಪರಾಧಿಯ ಎದೆಯೂ ಆ ಕುರ್ಚಿಯಲ್ಲಿ ಡವಗುಟ್ಟುತ್ತದೆ.

2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಬಲವಂತವಾಗಿ ನಡೆಸುವಂತಿಲ್ಲ ಎಂದಿತು. ಆರೋಪಿ, ಶಂಕಿತ, ಸಾಕ್ಷಿ, ಯಾರ ಮೇಲೂ. ತಾನಾಗಿ ಒಪ್ಪಿದರೆ ನಡೆಸಬಹುದು, ಆದರೆ ಪರೀಕ್ಷೆಯಲ್ಲಿ ಆಡಿದ ಮಾತೇ ಸಾಕ್ಷ್ಯವಾಗುವುದಿಲ್ಲ. ಸ್ವಇಚ್ಛೆಯ ಪರೀಕ್ಷೆಯ ಸುಳಿವಿನಿಂದ ಮುಂದೆ ವಸ್ತುವೊಂದು ಸಿಕ್ಕರೆ ಅದನ್ನು ಮಾತ್ರ ಪರಿಗಣಿಸಬಹುದು. ಇನ್ನು ಒಪ್ಪಿಗೆ ಎಂದರೆ ಠಾಣೆಯಲ್ಲಿ ಹಾಕಿಸಿಕೊಂಡ ಸಹಿಯಲ್ಲ. ವಕೀಲರ ಜೊತೆ ಮಾತನಾಡಲು ಅವಕಾಶ ಕೊಟ್ಟು, ಪರಿಣಾಮಗಳನ್ನು ವಿವರಿಸಿ, ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ‘ಮುಚ್ಚಿಡೋದೇನೂ ಇಲ್ಲದಿದ್ದರೆ ಒಪ್ಪಿಕೋ’ ಎಂಬ ಮಾತು ಕೇಳಿಬಂದರೆ ಅದಕ್ಕೆ ಕಾನೂನಿನ ಬಲವಿಲ್ಲ.

ದೇಹದ ಮಾದರಿಗಳಿಗೂ ಮಿತಿ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 51ರಂತೆ, ದಸ್ತಗಿರಿಯಾದವರ ರಕ್ತ, ಕೂದಲು, ಉಗುರಿನ ತುಣುಕು ತೆಗೆಯಬೇಕಾದವರು ವೈದ್ಯರು, ಪೊಲೀಸರಲ್ಲ. ಪರೀಕ್ಷೆಯಿಂದ ಪುರಾವೆ ಸಿಗುತ್ತದೆಂದು ನಂಬಲು ಕಾರಣವೂ ಇರಬೇಕು. ಮಹಿಳೆಯನ್ನು ವೈದ್ಯೆಯೇ, ಇಲ್ಲವೇ ವೈದ್ಯೆಯ ಮೇಲ್ವಿಚಾರಣೆಯಲ್ಲಿ ಪರೀಕ್ಷಿಸಬೇಕು. ಕೈಬರಹ, ಧ್ವನಿಯ ಮಾದರಿಗೆ ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಲು ಕಲಂ 349 ಇದೆ.

ಕಾನೂನು ಕೊಟ್ಟ ಅಧಿಕಾರ ಎಷ್ಟಿದ್ದರೂ ಮಾದರಿ ಕೆಟ್ಟರೆ ವರದಿಗೆ ಬೆಲೆಯಿಲ್ಲ. ಹೆಚ್ಚಿನ ತಕರಾರು ಹುಟ್ಟುವುದೂ ಇಲ್ಲೇ. ಕುಡಿದು ವಾಹನ ಓಡಿಸಿದ ಆರೋಪವನ್ನೇ ನೋಡಿ. ಮೋಟಾರು ವಾಹನ ಕಾಯ್ದೆಯ ಕಲಂ 185ರಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಸೂಜಿ ಚುಚ್ಚುವ ಮುನ್ನ ತೋಳಿಗೆ ಸ್ಪಿರಿಟ್ ಒರೆಸಿದರೆ? ಸ್ಪಿರಿಟ್ಟೂ ಮದ್ಯಸಾರವೇ, ಆದ್ದರಿಂದ ಈ ಪರೀಕ್ಷೆಗೆ ಅದನ್ನು ಬಳಸಬಾರದು. ಸೀಸೆಗೆ ಸೋಡಿಯಂ ಫ್ಲೋರೈಡ್ ಹಾಕಿರಬೇಕು. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯನ್ನು ಹುದುಗಿಸಿ ಹೊಸದಾಗಿ ಮದ್ಯಸಾರ ಉಂಟುಮಾಡಬಹುದು. ರಕ್ತದ ಕಲೆಯಿರುವ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದು ಬೂಸ್ಟು ಬಂದು ಡಿಎನ್‌ಎ ಹಾಳಾಗುತ್ತದೆ. ಮಹಜರಿನ ಹೊತ್ತಿನಿಂದ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ಮೇಜಿನವರೆಗೆ ಮಾದರಿ ಯಾರ ಕೈಯಲ್ಲಿತ್ತು, ಸೀಲ್ ಹಾಗೇ ಇತ್ತೇ ಎಂದು ವಿಚಾರಣೆಯಲ್ಲಿ ಪಾಟಿಸವಾಲು ಮಾಡಬಹುದು. ಪಂಚರಾಗಿ ಸಹಿ ಹಾಕುವವರು ಸೀಲನ್ನು ಕಣ್ಣಾರೆ ನೋಡದೆ ಹಾಕದಿದ್ದರೆ ಎಲ್ಲರಿಗೂ ಒಳ್ಳೆಯದು.

ಅತ್ಯಾಚಾರಕ್ಕೆ ಒಳಗಾದವರ ವಿಷಯದಲ್ಲಿ ಒಪ್ಪಿಗೆಯಿಲ್ಲದೆ ಯಾವ ಪರೀಕ್ಷೆಯೂ ಇಲ್ಲ. ದೂರಿನ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಅವರನ್ನು ವೈದ್ಯರ ಬಳಿ ಕಳುಹಿಸಬೇಕು, ವೈದ್ಯರು ಏಳು ದಿನದೊಳಗೆ ವರದಿ ಕೊಡಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ನೀಡಬೇಕೆನ್ನುತ್ತದೆ ಸಂಹಿತೆಯ ಕಲಂ 397. ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ಮಾಡುವವರು ದುರ್ವರ್ತನೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಕಟುವಾಗಿಯೇ ಹೇಳಿತು. ಸಾಧ್ಯವಾದರೆ ಆ ಹೊತ್ತಿನ ಬಟ್ಟೆಯನ್ನು ಒಗೆಯದೆ ಇಡಿ. ಒಗೆದಾಗಿದ್ದರೂ ಆಸ್ಪತ್ರೆಗೆ ಹೋಗದಿರಲು ಅದು ಕಾರಣವಲ್ಲ.

ದಸ್ತಗಿರಿಯಾದವರನ್ನು ಆದ ಕೂಡಲೇ ಸರ್ಕಾರಿ ವೈದ್ಯರು ಪರೀಕ್ಷಿಸಿ, ಮೈಮೇಲಿನ ಗಾಯಗಳನ್ನೂ ಅವು ಆಗಿರಬಹುದಾದ ಅಂದಾಜು ಸಮಯವನ್ನೂ ಬರೆಯಬೇಕೆಂದು ಸಂಹಿತೆಯ ಕಲಂ 53 ಹೇಳುತ್ತದೆ. ಆ ವರದಿಯ ಪ್ರತಿ ಬಂಧಿತರಿಗೆ ಅಥವಾ ಅವರು ಹೆಸರಿಸಿದವರಿಗೆ ಸಿಗಬೇಕು. ಸಿಗದಿದ್ದರೆ, ಗಾಯ ಬರೆಯದೆ ಬಿಟ್ಟಿದ್ದರೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಬಾಯಿಬಿಟ್ಟು ಹೇಳಿ. ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಮನೆಯವರು ಫೋನ್ ಮಾಡಬಹುದು.