"ನೀವು ಮುಸ್ಲಿಮರೋ, ಕನ್ನಡಿಗರೋ?"

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೀವು ನೋಡಿರಬಹುದು. ಗೂಡು ತರುವ ರೈತರಲ್ಲಿ ಹೆಚ್ಚಿನವರು ಹಿಂದೂಗಳು. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಬಹಳ ಮಂದಿ ಮುಸ್ಲಿಮರು. ರೈತನ ಮನೆಮಾತು ತೆಲುಗೋ ಕನ್ನಡವೋ ಆಗಿರುತ್ತದೆ, ರೀಲರನದು ಉರ್ದು. ಆದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಒಲೆ ಉರಿಯದು. ಅದೇ ರೀಲರು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕುಳಿತವರು, "ನೀವು ಮುಸ್ಲಿಮರೋ, ಕನ್ನಡಿಗರೋ?" ಎಂದು ಕೇಳಿದರೆ ಅವರು ಏನೆಂದು ಉತ್ತರಿಸಬೇಕು?

ಕೇಳಿದವರನ್ನು ದೂಷಿಸುವ ಮುನ್ನ ನಮ್ಮ ಮನೆಯ ಮಾತಿಗೂ ಸ್ವಲ್ಪ ಕಿವಿಗೊಡೋಣ. "ಪಕ್ಕದ ಮನೆಯವರು ಕನ್ನಡದವರು" ಎಂದು ನಾವು ಹೇಳುವಾಗ, ಅವರು ಮುಸ್ಲಿಮರಲ್ಲ ಎಂಬುದೇ ಎಷ್ಟೋ ಸಲ ನಮ್ಮ ಅರ್ಥವಾಗಿರುತ್ತದೆ. ಅವರು ಉರ್ದುವನ್ನು "ಮುಸ್ಲಿಮರ ಭಾಷೆ" ಎನ್ನುತ್ತಾರೆ, ನಾವು ಕನ್ನಡವನ್ನು "ಅವರ ಭಾಷೆ" ಎನ್ನುತ್ತೇವೆ. ತಪ್ಪು ಒಂದೇ, ಮಾಡುವವರು ಇಬ್ಬರು.

ಜನಾಂಗ ಮತ್ತು ಭಾಷೆ ಹುಟ್ಟಿನಿಂದ ಬರುತ್ತವೆ. ಧರ್ಮವು ಮನಸ್ಸು ಒಪ್ಪಿ ನಡೆಯುವ ದಾರಿ. ಅಬೂಲಹಬ್ ಪ್ರವಾದಿ ಮುಹಮ್ಮದ್(ಸ)ರ ಸ್ವಂತ ದೊಡ್ಡಪ್ಪ. ಅದೇ ಕುರೈಶ್ ಕುಲ, ಅದೇ ಅರಬಿ ಭಾಷೆ. ಆದರೂ ರಕ್ತಸಂಬಂಧವು ಅವನನ್ನು ವಿಶ್ವಾಸಿಯನ್ನಾಗಿ ಮಾಡಲಿಲ್ಲ. ಅಬಿಸೀನಿಯ ಮೂಲದ ಬಿಲಾಲ್(ರ), ಪರ್ಶಿಯಾದ ಸಲ್ಮಾನ್(ರ), ರೋಮನರ ನಡುವೆ ಬೆಳೆದ ಸುಹೈಬ್(ರ) ಪ್ರವಾದಿವರ್ಯರ ಆಪ್ತ ಅನುಚರರಾದರು. ಇಂದು ಜಗತ್ತಿನ ಮುಸ್ಲಿಮರಲ್ಲಿ ಅರಬರು ಸುಮಾರು ಐದನೆಯ ಒಂದು ಭಾಗ ಮಾತ್ರ. ಅರಬರಲ್ಲಿ ಕ್ರೈಸ್ತರೂ ಇದ್ದಾರೆ. ನಮ್ಮ ರಾಜ್ಯದಲ್ಲೇ ಉರ್ದು, ಕನ್ನಡ, ಬ್ಯಾರಿ, ನವಾಯಿತಿ ಮಾತಾಡುವ ಮುಸ್ಲಿಮರಿದ್ದಾರೆ. ಭಾಷೆ ಮತ್ತು ಬಣ್ಣಗಳ ವೈವಿಧ್ಯವು ಅಲ್ಲಾಹನ ನಿದರ್ಶನಗಳಲ್ಲಿ ಸೇರಿದೆಯೆಂದು ಪವಿತ್ರ ಕುರ್‌ಆನ್ (30:22) ತಿಳಿಸುತ್ತದೆ. ಜನಾಂಗ, ಗೋತ್ರಗಳು ಇರುವುದು ಪರಸ್ಪರ ಪರಿಚಯಕ್ಕಾಗಿ, ಶ್ರೇಷ್ಠತೆಯ ಮಾನದಂಡ ತಖ್ವಾ ಮಾತ್ರ ಎಂದು ಇನ್ನೊಂದು ಕಡೆ (49:13) ಕಲಿಸುತ್ತದೆ.

ಈ ಗೊಂದಲ ಬರಿಯ ಮಾತಿನ ತಪ್ಪಲ್ಲ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನವು ಉರ್ದು ವಾರ್ತೆಯನ್ನು ಆರಂಭಿಸಿದಾಗ ಭಾಷೆಯ ಪ್ರಶ್ನೆ ಕೆಲವೇ ದಿನಗಳಲ್ಲಿ ಕೋಮುಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಒಂದು ಭಾಷೆಯನ್ನು ಒಂದು ಧರ್ಮಕ್ಕೆ ಕಟ್ಟಿಹಾಕಿದ ಫಲವಿದು.

ಗೊಂದಲದ ಬೆನ್ನಿಗೇ ಭಯ ಬರುತ್ತದೆ. ಟೋಪಿ, ಬುರ್ಖಾ ಕಂಡೊಡನೆ ಕೆಲವರಿಗೆ ಅಂಜಿಕೆ. ಶಾಲೆಯ ಪೋಷಕರ ಸಭೆ, ಕಚೇರಿ, ನೆರೆಮನೆಯ ಮದುವೆ ಎಂದರೆ ನಮ್ಮಲ್ಲಿ ಕೆಲವರಿಗೆ ಅಳುಕು. ಎಲ್ಲ ಭಯವೂ ಹುಸಿಯಲ್ಲ ನಿಜ. ಗಲಭೆಯನ್ನು ಕಣ್ಣಾರೆ ಕಂಡವರ ಭಯಕ್ಕೆ ಕಾರಣವಿದೆ, ನಿಜವಾದ ಬೆದರಿಕೆ ಬಂದಾಗ ಕಾನೂನಿನ ರಕ್ಷಣೆ ಪಡೆಯುವುದೇ ಸರಿ. ಆದರೆ ಅಪಾಯವಿಲ್ಲದ ಕಡೆಯೂ ಕಾಡುವ ಅತಿಭಯದ ಸ್ವಭಾವವೇ ಬೇರೆ. ದೂರ ಸರಿದಾಗ ಒಂದು ಗಳಿಗೆ ನೆಮ್ಮದಿಯೆನಿಸುತ್ತದೆ, ಮುಂದಿನ ಸಲ ಅದೇ ಭಯ ಇನ್ನಷ್ಟು ಬಲಿತಿರುತ್ತದೆ. ಆದ್ದರಿಂದಲೇ, ಭಯಪಡುವ ವಸ್ತುವನ್ನು ಸುರಕ್ಷಿತವಾಗಿ, ಹಂತಹಂತವಾಗಿ ಸಮೀಪಿಸುವುದೇ ಅದಕ್ಕೆ ಮದ್ದೆಂದು ಮನೋವೈದ್ಯರು ಹೇಳುತ್ತಾರೆ.

ಪ್ರವಾದಿ ಮೂಸಾ(ಅ)ರನ್ನು ಸ್ಮರಿಸಿರಿ. ಕೈಯಲ್ಲಿದ್ದ ಕೋಲು ಹಾವಿನಂತೆ ಹರಿದಾಡಿದಾಗ ಅವರು ತಿರುಗಿಯೂ ನೋಡದೆ ಓಡಿದರು. ಅಲ್ಲಾಹನು ಅವರನ್ನು ಗದರಿಸಲಿಲ್ಲ. ಹಿಂದಿರುಗಿ ಬರುವಂತೆ ಕರೆದನು, ಅಭಯ ನೀಡಿದನು, ಅದನ್ನೇ ಕೈಯಿಂದ ಹಿಡಿಯಲು ಹೇಳಿದನು. ಹಿಡಿದಾಗ ಅದು ಮೊದಲಿನ ಕೋಲೇ ಆಗಿತ್ತು. ಭಯಪಟ್ಟದ್ದು ಈಮಾನಿನ ಕೊರತೆಯಲ್ಲ, ಓಡುತ್ತಲೇ ಇರುವುದು ಪರಿಹಾರವೂ ಅಲ್ಲ.

ಹಾಗಾದರೆ ನಮ್ಮ ಕೈ ಚಾಚಬೇಕಾದುದು ಎಲ್ಲಿಗೆ? ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಮನೆ ಮಾಡಿಕೊಂಡಿರುವ ಸಹೋದರಿಯೇ, ಪಕ್ಕದ ಮನೆಯಾಕೆಯ ಹೆಸರು ನಿಮಗೆ ಗೊತ್ತೇ? ಈ ವಾರ ಒಂದು ಕುಶಲ ಪ್ರಶ್ನೆ, ಮುಂದಿನ ವಾರ ಒಂದು ತಟ್ಟೆ ತಿಂಡಿ, ಅವರ ಮನೆಯಲ್ಲಿ ಕಾಯಿಲೆಯಾದರೆ ಒಂದು ಭೇಟಿ. ಅಷ್ಟರಿಂದ ಆರಂಭಿಸಿರಿ. ನೆರೆಯವರಿಗೆ ಆಸ್ತಿಯಲ್ಲೂ ಪಾಲು ಬರಬಹುದೆಂದು ತಮಗೆ ಅನಿಸುವಷ್ಟು ಜಿಬ್ರೀಲ್(ಅ) ಅವರ ಹಕ್ಕುಗಳನ್ನು ಒತ್ತಿ ಹೇಳಿದರೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಮಕ್ಕಳಿಗೆ ಉರ್ದುವಿನ ಜೊತೆ ಶುದ್ಧ ಕನ್ನಡವನ್ನೂ ಕಲಿಸಿರಿ. ಯಹೂದಿಯರ ಬರಹವನ್ನು ಕಲಿಯುವಂತೆ ಪ್ರವಾದಿ(ಸ) ಝೈದ್ ಬಿನ್ ಸಾಬಿತ್(ರ)ರಿಗೆ ಆಜ್ಞಾಪಿಸಿದ್ದರು. ಪರರ ಭಾಷೆಗೆ ಅವರು ಅಂಜಲಿಲ್ಲ. ಹೀಗಿರುವಾಗ ನಮ್ಮದೇ ನಾಡಿನ ಭಾಷೆಗೆ ನಾವೇಕೆ ಅಂಜಬೇಕು? ಇಲ್ಲೇ ಹತ್ತಿರದ ದೇವನಹಳ್ಳಿಯಲ್ಲಿ ಜನಿಸಿದ ಕವಿ ನಿಸಾರ್ ಅಹಮದ್ 2017ರಲ್ಲೂ, ಲೇಖಕಿ ಬಾನು ಮುಷ್ತಾಕ್ 2025ರಲ್ಲೂ ಮೈಸೂರು ದಸರಾ ಉದ್ಘಾಟಿಸಿದರು. ಆ ಗೌರವ ಅವರಿಗೆ ಬಂದದ್ದು ಕನ್ನಡದ ಬರಹಗಾರರಾಗಿ.

ಇನ್ನು ಬಸ್ಸಿನಲ್ಲಿ ಆ ಪ್ರಶ್ನೆ ಬಂದರೆ ಸಿಡುಕಬೇಡಿ, ತಲೆ ತಗ್ಗಿಸಲೂ ಬೇಡಿ. "ಮುಸ್ಲಿಮನೂ ಹೌದು, ಕನ್ನಡಿಗನೂ ಹೌದು. ನಿಮ್ಮ ಊರು ಯಾವುದು?" ಎಂದು ನಗುತ್ತಾ ಕೇಳಿರಿ. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಎರಡು ಹೃದಯಗಳ ಭಯ ಸ್ವಲ್ಪವಾದರೂ ಕರಗೀತು.

ಅಲ್ಲಾಹನು ನಮ್ಮ ನಾಲಿಗೆಯನ್ನು ತಪ್ಪು ಮಾತಿನಿಂದಲೂ ಹೃದಯವನ್ನು ಹುಸಿ ಭಯದಿಂದಲೂ ಕಾಪಾಡಲಿ. ಆಮೀನ್.