ಸರಾಸರಿ ವ್ಯತ್ಯಾಸ ಸೊನ್ನೆಯಾದರೆ ಮಾದರಿ ಸರಿಯೇ?

ತರಗತಿ: 9. ಘಟಕ: ಸಂಖ್ಯಾಶಾಸ್ತ್ರ.
ಕಲಿಕಾಂಶ: ಕಂಪ್ಯೂಟರ್ ಸಿಮ್ಯುಲೇಶನ್ ಮಾದರಿಯನ್ನು ನಿಜವಾದ ಅಳತೆಯೊಂದಿಗೆ ಹೋಲಿಸಿ ಪರೀಕ್ಷಿಸುವುದು.

ಬೋಧನಾಭ್ಯಾಸದಲ್ಲಿ ಸಿರುಗುಪ್ಪದ ಮಕ್ಕಳಿಗೆ ಈ ಪಾಠ ಮಾಡಿದೆ. ಭತ್ತದ ಊರು, ಕಾಲುವೆ ನೀರಿನ ಬೆಲೆಯನ್ನು ಅವರಿಗೆ ವಿವರಿಸಬೇಕಿಲ್ಲ. ಐದು ದಿನಗಳ ಕಾಲ್ಪನಿಕ ನೀರಿನ ಮಟ್ಟವನ್ನು ಕಪ್ಪುಹಲಗೆಯ ಮೇಲೆ ಸೆಂ.ಮೀ.ಗಳಲ್ಲಿ ಬರೆದೆ.

ಮಾದರಿ: 60, 62, 65, 61, 62
ಅಳತೆ: 57, 65, 61, 65, 62
ವ್ಯತ್ಯಾಸ: +3, −3, +4, −4, 0

"ಸರಾಸರಿ ಸೊನ್ನೆ ಸರ್, ಮಾದರಿ ಸರಿ ಐತಿ" ಎಂದರು. "ಮೂರನೇ ದಿನ ಹೇಳಿದ್ದಕ್ಕಿಂತ 4 ಸೆಂ.ಮೀ. ಕಡಿಮೆ ಬಂತಲ್ಲ, ಕಾಲುವೆಯ ಕೊನೆಯ ರೈತ ಏನು ಮಾಡಬೇಕು?" ಎಂದು ಕೇಳಿದೆ. ತುಸು ಹೊತ್ತಿನ ಮೇಲೆ ಒಬ್ಬಳು, "ಕೂಡೋದು ಕಳೆಯೋದು ಹೊಡದು ಹೋಗ್ಯಾವ ಸರ್" ಎಂದಳು.

ಚಿಹ್ನೆ ಕಳೆಯಲು ವರ್ಗ ಮಾಡಿದೆವು: 9+9+16+16+0=50. ಸರಾಸರಿ 10, ವರ್ಗಮೂಲ ಸುಮಾರು 3.16 ಸೆಂ.ಮೀ. ಮಾದರಿ ಒಂದೇ ಕಡೆಗೆ ವಾಲಿದೆಯೇ ಎಂಬುದನ್ನು ಮೊದಲ ಸರಾಸರಿ ತೋರಿಸುತ್ತದೆ. ದಿನದಿನಕ್ಕೆ ಎಷ್ಟು ತಪ್ಪುತ್ತದೆ ಎಂಬುದನ್ನು ಎರಡನೆಯದು. ಎರಡೂ ಬೇಕು.

ಮಾದರಿ ಕಟ್ಟಲು ಬಳಸಿದ ಅಂಕಿಗಳಿಂದಲೇ ಅದನ್ನು ಪರೀಕ್ಷಿಸಬಾರದು. ಬೇರೆ ಹಂಗಾಮಿನ ಅಳತೆ ಬೇಕು. ಒಮ್ಮೆ ಪರೀಕ್ಷಿಸಿದರೂ ಸಾಲದು. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಹಳೆಯ ಅಂಕಿಯ ಮೇಲೆ ನಿಂತ ಲೆಕ್ಕ ಇಲ್ಲದ ನೀರನ್ನು ಹಂಚುತ್ತದೆ.

ಮೌಲ್ಯಮಾಪನ: ಬಳ್ಳಾರಿ ನಗರಕ್ಕೆ ಕೊಟ್ಟ ಉಷ್ಣಾಂಶದ ಮುನ್ಸೂಚನೆಯನ್ನು ಹತ್ತು ದಿನ ಬರೆದಿಟ್ಟು, ಅಲ್ಲಿ ದಾಖಲಾದ ಉಷ್ಣಾಂಶದೊಂದಿಗೆ ಹೋಲಿಸಿರಿ. ಕುರುಗೋಡಿನಲ್ಲಿ ಪಾಠ ಮಾಡುವ ಸಹಪಾಠಿಗಳು ಶಾಲೆಯ ಉಷ್ಣಮಾಪಕದಿಂದ ಅಳೆಸಲಿ: ಒಂದು ಊರಿಗೆ ಹೊಂದಿದ ಮಾದರಿ ಪಕ್ಕದ ಊರಿಗೂ ಹೊಂದುವುದೇ?